ಹುಲ್ಲು ವಾಲಿದ ಕಡೆ

ಅವನನ್ನು ನಾನು ಮೊದಲ ಸಲ ನೋಡಿದ್ದೇ ಬೈಯುತ್ತಾ.

ಕಣ್ಣಿನ ಡಾಕ್ಟರಮ್ಮನ ಮನೆಯ ಈಜುಕೊಳವನ್ನು ನೋಡಿಕೊಳ್ಳುವವಳು ನಾನು. ಕ್ಲೋರಿನ್ ಹಾಕಿ, ಎಲೆ ತೆಗೆದು, ತಳದ ಟೈಲ್ಸ್ ಎಣಿಸುವಷ್ಟು ತಿಳಿಯಾಗಿ ಇಟ್ಟಿದ್ದ ನೀರು ಆ ಸೋಮವಾರ ಹಾಲು ಹಾಕಿದ ಟೀ ಬಣ್ಣಕ್ಕೆ ತಿರುಗಿತ್ತು. ದಂಡೆಯ ಮೇಲೆ ಗುದ್ದಲಿ ಹಿಡಿದು ಒಬ್ಬ ನಿಂತಿದ್ದ.

“ಏನ್ರೀ ಇದು?” ಎಂದೆ.

“ಜೇಡಿಮಣ್ಣು,” ಎಂದ, ನೆಂಟರನ್ನು ಪರಿಚಯ ಮಾಡಿಕೊಡುವವನಂತೆ. “ಇದರಲ್ಲಿ ನೀರು ಇಂಗಲ್ಲ. ನೆನೆದ್ರೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ. ಒಂದು ಗೇಣು ತೆಗೆದು ಜಲ್ಲಿ ತುಂಬಬೇಕು. ಇಲ್ಲಾಂದ್ರೆ ಮೇಲೆ ಹಾಸಿದ ಹುಲ್ಲು ಎಲ್ಲೆಲ್ಲೋ ಏಳುತ್ತೆ.”

“ನಾನು ಮಣ್ಣಿನ ಜಾತಕ ಕೇಳ್ಲಿಲ್ಲ. ನನ್ನ ನೀರು ಯಾಕೆ ಹೀಗಾಯ್ತು ಅಂತ ಕೇಳ್ದೆ.”

ಅವನು ನೀರು ನೋಡಿದ, ನನ್ನನ್ನು ನೋಡಿದ, ಮತ್ತೆ ನೀರು ನೋಡಿದ. ಎರಡು ಕಿವಿಯೂ ಕೆಂಪಾದವು. ಅಷ್ಟು ಚೆಂದದ ಕಿವಿಗಳನ್ನು ದೇವರು ಇಂಥ ಪೆದ್ದನಿಗೆ ಯಾಕೆ ಕೊಟ್ಟನೋ ಎಂದುಕೊಂಡೆ. ಬೈಗುಳದಲ್ಲಿ ಇನ್ನೂ ಅರ್ಧ ಬಾಕಿಯಿತ್ತು, ನೆನಪಿಗೆ ಬರಲಿಲ್ಲ.

ಕೊಳದ ಸುತ್ತ ಪ್ಲಾಸ್ಟಿಕ್ ಹುಲ್ಲು ಹಾಸಲು ಬಂದವನಾದ್ದರಿಂದ ಮನಸ್ಸಿನಲ್ಲೇ ಹುಲ್ಲಪ್ಪ ಎಂದು ಹೆಸರಿಟ್ಟೆ. ಎರಡೇ ದಿನಕ್ಕೆ ಅದು ಬಾಯಿಗೂ ಬಂತು. ಕರೆದರೆ ತಿರುಗಿ ನೋಡುತ್ತಿದ್ದ, ಪಾಪ.

ಮೊದಲ ವಾರ ಮಣ್ಣು ತೆಗೆದ. ಎರಡನೇ ವಾರ ಜಲ್ಲಿ ತುಂಬಿ ಕುಟ್ಟಿ ಕೂರಿಸಿದ. ನಾನು ಕೊಳದ ಆಚೆ, ವರಾಂಡದ ಎದುರಿಗಿದ್ದ ಪಂಪ್ ರೂಮಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ನೀರಿನ ಪರೀಕ್ಷೆ ಮಾಡುತ್ತಿದ್ದೆ. ಅವನು ನನ್ನ ಕಡೆ ನೋಡಿದಾಗ ನಾನು ಗಾಜಿನ ಕೊಳವೆ ನೋಡುತ್ತಿದ್ದೆ. ನಾನು ನೋಡಿದಾಗ ಅವನಿಗೆ ಜಲ್ಲಿಯಲ್ಲಿ ಏನೋ ಮಹಾ ವಿಶೇಷ ಕಾಣುತ್ತಿತ್ತು. ಆ ವಾರ ಒಂದೇ ದಿನ ಎರಡು ಸಲ ಕ್ಲೋರಿನ್ ಹಾಕಿ ಡಾಕ್ಟರಮ್ಮನ ಈಜುಡುಪನ್ನು ಬಿಳಿ ಮಾಡಿದ್ದೂ ಉಂಟು.

“ಇನ್ನು ಏನು ಕೆಲಸ ಬಾಕಿ?” ಎಂದು ಕೇಳಿದೆ ಮೂರನೇ ವಾರದ ಬುಧವಾರ ಮಧ್ಯಾಹ್ನ.

“ಇಳಿಜಾರು ಕೊಡಬೇಕು. ಜೇಡಿಮಣ್ಣಲ್ವಾ, ನೀರು ನಿಲ್ಲುತ್ತೆ. ಕೊಳದ ಕಡೆ ಬರದ ಹಾಗೆ ಆಚೆ ಹರಿಸ್ಬೇಕು.”

“ಆಮೇಲೆ?”

“ಆಮೇಲೆ ಹುಲ್ಲು.”

“ಅದಾದ ಮೇಲೆ?”

ಗುದ್ದಲಿಗೆ ಅಂಟಿದ ಮಣ್ಣು ಕೆರೆದ. ಕಿವಿ ಕೆಂಪಾಗತೊಡಗಿತು. ನಾನು ಸ್ಟೂಲಿನ ಅಂಚಿಗೆ ಸರಿದೆ.

“ಶನಿವಾರದಿಂದ ಬೇರೆ ಮನೆ,” ಎಂದ. “ಅಲ್ಲೂ ಜೇಡಿಮಣ್ಣೇ.”

ಅವನು ನನಗೆ ಬೇಕಾಗಿದ್ದ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಹುಡುಗಿಯೇ ಮೊದಲು ಹೇಳಬಾರದೆಂದು ಕಾನೂನೂ ಇಲ್ಲ. ಆದರೆ ಅವನ ಮನಸ್ಸಿನಲ್ಲಿ ಜೇಡಿಮಣ್ಣು ಬಿಟ್ಟು ಇನ್ನೇನಾದರೂ ಇದೆಯೇ ಎಂದು ತಿಳಿಯದೆ ಹೇಗೆ ಬಾಯಿಬಿಡುವುದು? ಶನಿವಾರಕ್ಕೆ ಮೂರೇ ದಿನವಿತ್ತು.

ಶುಕ್ರವಾರ ಹುಲ್ಲು ಹಾಸಿ ಮುಗಿಯಿತು. ನನ್ನ ಸ್ಟೂಲಿನಿಂದ ನೋಡಿದರೆ ದಟ್ಟ ಹಸಿರು, ಕಣ್ಣು ತಂಪಾಗುವಂತಿತ್ತು. ಅಷ್ಟರಲ್ಲಿ ವರಾಂಡದಿಂದ ಡಾಕ್ಟರಮ್ಮನ ದನಿ ಬಂತು.

“ಇದೇನಿದು, ಹುಲ್ಲು ಬಿಳಿಚಿಕೊಂಡಿದೆ? ಒಣಗಿದ ಹಾಗೆ ಕಾಣುತ್ತೆ.”

“ಇಲ್ಲಮ್ಮ, ಕಡು ಹಸಿರಾಗಿದೆ. ನಿಮ್ಮ ಕಣ್ಣು ಒಂದ್ಸಲ ತೋರಿಸ್ಕೊಳ್ಳಿ,” ಎಂದೆ.

ಮೂವತ್ತು ವರ್ಷ ಊರವರ ಕಣ್ಣು ನೋಡಿದವರಿಗೆ ಹಾಗೆ ಹೇಳಬಾರದಿತ್ತು. ಅವರು ಫೋನ್ ಎತ್ತಿಕೊಂಡು ಹುಲ್ಲಪ್ಪನ ಅಕ್ಕನನ್ನು ಕರೆಸಿದರು. ಹುಲ್ಲಿನ ವ್ಯಾಪಾರವೆಲ್ಲ ಅವಳದು, ತಮ್ಮ ಅವಳ ಕೈಕೆಳಗೆ ಕೆಲಸಕ್ಕಿದ್ದ.

ಅಕ್ಕ ಬಂದವಳೇ ವರಾಂಡದಲ್ಲಿ ನಿಂತು ನೋಡಿದಳು. ಆಮೇಲೆ ಬಗ್ಗಿ, ಬೆಕ್ಕಿನ ಬೆನ್ನು ಸವರುವಂತೆ ಹುಲ್ಲನ್ನು ಸವರಿದಳು.

“ಇದರ ಎಳೆ ಒಂದೇ ಕಡೆ ವಾಲಿರುತ್ತೆ ಡಾಕ್ಟರೇ. ಯಾರ ಕಡೆ ವಾಲಿದ್ಯೋ ಅವರಿಗೆ ಹಸಿರು, ಹಿಂದಿನಿಂದ ನೋಡೋರಿಗೆ ಬಿಳಿಚು. ಮನೆಯವರು ಕೂರೋ ಕಡೆಗೇ ಹಾಸೋದು ನಮ್ಮಲ್ಲಿ. ಕೆಲಸಕ್ಕೆ ಬಂದ ಮೊದಲ ದಿನವೇ ಇವನಿಗೆ ಹೇಳಿಕೊಟ್ಟಿದ್ದೀನಿ. ಇದು ಯಾವ ಕಡೆ ವಾಲಿದೆಯೋ ನೋಡೋಣ.”

ಎಳೆ ವಾಲಿದ ದಿಕ್ಕು ಹಿಡಿದು ಕೊಳ ಬಳಸಿಕೊಂಡು ನಡೆದು ನೇರ ನನ್ನೆದುರಿಗೇ ಬಂದು ನಿಂತಳು.

“ಸ್ವಲ್ಪ ಏಳಮ್ಮ.”

ಎದ್ದೆ. ಅವಳು ನನ್ನ ಸ್ಟೂಲಿನ ಮೇಲೆ ಕೂತು ಹುಲ್ಲು ನೋಡಿದಳು, ತಮ್ಮನನ್ನು ನೋಡಿದಳು, ಕೊನೆಗೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಓಹೋ,” ಎಂದಳು.

ಹುಲ್ಲಪ್ಪ ಎಲ್ಲಾದರೂ ಬಿಲವಿದೆಯೇ ಎಂದು ನೋಡುತ್ತಿದ್ದ. ಡಾಕ್ಟರಮ್ಮನೂ ಬಂದು ಸ್ಟೂಲಿನಲ್ಲಿ ಕೂತು ಕನ್ನಡಕ ಏರಿಸಿಕೊಂಡರು.

“ಇಲ್ಲಿಂದ ಚೆನ್ನಾಗೇ ಇದೆ. ನನ್ನ ಕಣ್ಣೂ ಚೆನ್ನಾಗೇ ಇದೆ,” ಎಂದು ನನ್ನತ್ತ ನೋಡಿದರು. “ಪ್ರೀತಿ ಮಾಡೋರು ಅವರವರ ಹುಲ್ಲಿನ ಮೇಲೆ ಮಾಡ್ಕೊಳ್ಲಿ. ನನ್ನ ಹುಲ್ಲು ನನ್ನ ಕಡೆ ತಿರುಗಬೇಕು.”

“ಪೂರ್ತಿ ಕಿತ್ತು ತಿರುಗಿಸೋ,” ಎಂದಳು ಅಕ್ಕ. “ಶನಿವಾರದ ಮನೆಗೆ ನಾನೇ ಹೋಗ್ತೀನಿ. ನಿನ್ನನ್ನ ಎಲ್ಲಿಗೆ ಕಳಿಸಿದ್ರೂ ಇದೇ ಕಡೆ ವಾಲಿಸಿ ಬರ್ತೀಯ.”

ಇಬ್ಬರೂ ನಗುತ್ತಾ ವರಾಂಡಕ್ಕೆ ಹೋದರು. ಹುಲ್ಲಪ್ಪ ಮೊಣಕಾಲೂರಿ ಚಾಕುವಿನಿಂದ ಅಂಟು ಬಿಡಿಸತೊಡಗಿದ. ನಾನು ಹೋಗಿ ಹಾಸಿನ ಇನ್ನೊಂದು ತುದಿ ಹಿಡಿದೆ. ತಲೆ ಎತ್ತದೆ ಅವನು ಶುರುಮಾಡಿದ.

“ಜೇಡಿಮಣ್ಣಲ್ಲಿ ಏನಾಗುತ್ತೆ ಅಂದ್ರೆ...”

“ಇನ್ನೊಂದ್ಸಲ ಜೇಡಿಮಣ್ಣು ಅಂದ್ರೆ ಕೊಳಕ್ಕೆ ತಳ್ಳಿಬಿಡ್ತೀನಿ.”

ಅವನು ಕೈಯಲ್ಲಿದ್ದ ಚಾಕು ಕೆಳಗಿಟ್ಟ.

“ಡಾಕ್ಟರು ವಾರಕ್ಕೊಂದ್ಸಲ ವರಾಂಡಕ್ಕೆ ಬರ್ತಾರೆ. ನೀವು ದಿನಾ ಇಲ್ಲಿ ಕೂರ್ತೀರಿ. ನಾನು ಹೋದ ಮೇಲೂ ನಿಮಗೆ ಚೆನ್ನಾಗಿ ಕಾಣ್ಲಿ ಅಂತ...”

“ಅಂತ?”

“ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ. ಮದುವೆ ಆಗ್ತೀರಾ ಅಂತ ಕೇಳೋಕೆ ಮೂರು ವಾರದಿಂದ ಬಾಯಿ ತೆಗೀತಿದ್ದೀನಿ. ತೆಗೆದಾಗಲೆಲ್ಲ ಮಣ್ಣೇ ಬರುತ್ತೆ.”

ನನಗೆ ನಗು ಬಂತು, ಅದರ ಬೆನ್ನಿಗೇ ಕಣ್ಣಲ್ಲಿ ನೀರೂ ಬಂತು. ಮೂರು ವಾರದ ಸಂಕಟವೆಲ್ಲ ಇಳಿದು ಮೈ ಹಗುರಾಯಿತು.

“ಆಗ್ತೀನಿ,” ಎಂದೆ.

ಅವನು ಬಾಯಿ ತೆರೆದ. ಈ ಸಲ ಮಣ್ಣೂ ಬರಲಿಲ್ಲ. ವರಾಂಡದಲ್ಲಿ ಅಕ್ಕ, ಡಾಕ್ಟರಮ್ಮ ಇಬ್ಬರೂ ಕತ್ತು ಚಾಚಿದ್ದರು.

“ಆಗ್ತೀನಿ ಅಂದೆ,” ಎಂದು ಅವರಿಗೂ ಕೇಳುವಂತೆ ಮತ್ತೊಮ್ಮೆ ಗಟ್ಟಿಯಾಗಿ ಹೇಳಿದೆ. ಸಂಸಾರ ಅಂದಮೇಲೆ ಇಬ್ಬರಲ್ಲಿ ಒಬ್ಬರಿಗಾದರೂ ಬಾಯಿ ಇರಬೇಕಲ್ಲ.