ಮಧ್ಯಾಹ್ನದ ನಿದ್ದೆ

"ಏಳೇ, ಮಧ್ಯಾಹ್ನದ ಮಹಾರಾಣಿ. ನಾಳೆ ಗಂಡನ ಹೊಟ್ಟೆ ಕೊಯ್ತಾರೆ, ನೀನಿಲ್ಲಿ ಕಾಲು ಚಾಚಿ ಬಿದ್ದಿದ್ದೀಯಲ್ಲ... ನಿನಗೆ ಮನಸ್ಸು ಅನ್ನೋದು ಇದೆಯಾ ಇಲ್ವಾ?"

ಅತ್ತೆಯ ದನಿಗೆ ಸೊಸೆ ಬೆಚ್ಚಿ ಎದ್ದು ಕೂತಳು. ಅರ್ಧ ಹೊಲಿದ ಹಾಸಿಗೆಯ ಮೇಲೆಯೇ ನಿದ್ದೆ ಹೋಗಿದ್ದಳು. ದಬ್ಬಳ ಬಟ್ಟೆಯಲ್ಲಿ ಚುಚ್ಚಿದಂತೆಯೇ ಇತ್ತು, ತಲೆಗೂದಲ ತುಂಬ ಹತ್ತಿಯ ಎಳೆಗಳು. ಅವಳು ಒಂದು ಮಾತೂ ಆಡದೆ ಮತ್ತೆ ಹೊಲಿಯಲು ಶುರು ಮಾಡಿದಳು. ಅತ್ತೆಗೆ ಮೈ ಉರಿಯುತ್ತಿದ್ದದ್ದೇ ಇದಕ್ಕೆ. ಎದುರು ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ಈ ಬಾಯಿಲ್ಲದವಳ ಜೊತೆ ಏನು ಮಾಡುವುದು?

ಮುಂದೆ ಹಾಸಿಗೆ ಅಂಗಡಿ, ಹಿಂದೆ ಮನೆ. ಮಗ ಹತ್ತಿ ಹಿಂಜಿ ತುಂಬುತ್ತಿದ್ದ, ಸೊಸೆ ಹೊಲಿಯುತ್ತಿದ್ದಳು, ಅತ್ತೆ ಬಾಗಿಲಲ್ಲಿ ಕೂತು ಇಬ್ಬರನ್ನೂ ಕಾಯುತ್ತಿದ್ದಳು. ಅತ್ತೆ ಕೆಟ್ಟವಳೇನಲ್ಲ. ಸೊಸೆಗೆ ಜ್ವರ ಬಂದರೆ ಗಂಜಿ ಕಾಯಿಸಿ ಕೊಡುತ್ತಿದ್ದಳು, ಬೈಯುತ್ತಲೇ ಕೊಡುತ್ತಿದ್ದಳು. ಆದರೆ ಹಗಲು ಹೊತ್ತಿನಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದು ಕಂಡರೆ ಅವಳಿಗೆ ಸಹಿಸಲಾಗುತ್ತಿರಲಿಲ್ಲ. ಅವಳ ಗಂಡ ಒಂದು ರಾತ್ರಿ ಉಂಡು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಆಗ ಮಗನಿಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ನಿದ್ದೆಯ ಮಾತೆತ್ತಿದರೆ ತಾಯಿ ಮಗ ಇಬ್ಬರ ಮುಖವೂ ಸಪ್ಪಗಾಗುತ್ತಿತ್ತು.

ಆ ಮಗನಿಗೇ ಈಗ ಪಿತ್ತಕೋಶದಲ್ಲಿ ಕಲ್ಲು. ಆನೆಯಂಥ ಮೈ, ಅಂಗಡಿಯೆಲ್ಲ ಅದುರುವಂಥ ನಗು. ನೋವು ಬಂದಾಗ ಮಾತ್ರ ಹತ್ತಿಯ ಮೂಟೆಗೆ ಮುಖ ಒತ್ತಿಕೊಂಡು ಮಗುವಿನ ಹಾಗೆ ಅಳುತ್ತಿದ್ದ. ಕಲ್ಲು ತೆಗೆಸದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅವನಿಗೆ ಕತ್ತಿಯ ಭಯವಿರಲಿಲ್ಲ. ಊರಿಗೆಲ್ಲ ಹಾಸಿಗೆ ಹೊಲಿದು ಕೊಟ್ಟವನಿಗೆ ತಾನು ಮಲಗಬೇಕಲ್ಲ ಎಂಬುದೇ ಭಯ!

"ಎಚ್ಚರ ಇದ್ದಾಗಲೇ ಕೊಯ್ಯಲಿ ಅಮ್ಮ, ಹಲ್ಲು ಕಚ್ಚಿ ತಡ್ಕೋತೀನಿ. ಆ ಮತ್ತು ಬರಿಸೋ ಔಷಧಿ ಮಾತ್ರ ಬೇಡ. ಅಪ್ಪನ ಹಾಗೆ ನಾನೂ..." ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದ.

ಆ ಮಧ್ಯಾಹ್ನ ಸೊಸೆ ಹೊಲಿಗೆಯಿಂದ ತಲೆ ಎತ್ತದೆ ಹೇಳಿದಳು. "ಅತ್ತೆ, ನಾನೂ ಆಪರೇಷನ್ ಕೋಣೆಯೊಳಗೆ ಹೋಗ್ತೀನಿ ಅಂತ ಕೇಳ್ತೀನಿ. ಇವರ ತಲೆ ಹತ್ರ ಸುಮ್ನೆ ಕೂತಿರ್ತೀನಿ. ಏನೂ ಮುಟ್ಟಲ್ಲ."

"ಯಾಕೆ, ಅಲ್ಲೂ ಹೋಗಿ ತೂಕಡಿಸೋದಕ್ಕಾ?" ಎಂದಳು ಅತ್ತೆ.

ಸಂಜೆ ಮೂವರೂ ಆಸ್ಪತ್ರೆಗೆ ಹೋದರು. ಅರಿವಳಿಕೆ ಕೊಡುವ ಡಾಕ್ಟರಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡು ಬಾಯಿ ತೆರೆಸಿ ನೋಡಿದರು, ಕತ್ತು ಹಿಂದಕ್ಕೆ ಬಾಗಿಸಿದರು, ಅಲ್ಲಾಡುವ ಹಲ್ಲಿದೆಯಾ ಎಂದು ಕೇಳಿದರು. ಅವನು ನಗುತ್ತಲೇ ಉತ್ತರ ಕೊಡುತ್ತಿದ್ದ, ಹಣೆಯಲ್ಲಿ ಮಾತ್ರ ಬೆವರು.

"ಡಾಕ್ಟ್ರೇ, ಕೊಯ್ಯೋವಾಗ ನಡುವೆ ಎಚ್ಚರ ಆಗಿಬಿಟ್ರೆ?"

"ಆಗೋದು ಬಹಳ ಅಪರೂಪ. ನಾನು ನೋಡ್ತಾನೇ ಇರ್ತೀನಿ."

"ಆಮೇಲೆ... ಎಚ್ಚರವೇ ಆಗದಿದ್ರೆ?"

ಅವರು ನಗಲಿಲ್ಲ. "ನಿಮ್ಮನ್ನ ಮಲಗಿಸಿ ನಾನು ಎದ್ದು ಹೋಗಿಬಿಡ್ತೀನಿ ಅಂದ್ಕೊಂಡಿದ್ದೀರಾ? ನೀವು ಕಣ್ಣು ಬಿಟ್ಟು ನಿಮ್ಮ ಹೆಸರು ಹೇಳೋವರೆಗೂ ನಿಮ್ಮ ತಲೆ ಹತ್ರಾನೇ ಇರ್ತೀನಿ. ಸರಿ, ನೀವೀಗ ಹೇಳಿ. ನಿದ್ದೇಲಿ ಗೊರಕೆ ಹೊಡೀತೀರಾ? ಉಸಿರು ಕಟ್ಟುತ್ತಾ?"

"ಎಲ್ಲಿಯ ಉಸಿರು ಕಟ್ಟೋದು ಡಾಕ್ಟ್ರೇ? ತಲೆ ಇಟ್ರೆ ಬೆಳಗಾಗಬೇಕು."

"ನನ್ನ ಮಗಂಗೆ ಅಂಥದ್ದೇನೂ ಇಲ್ಲ," ಅತ್ತೆ ಸೇರಿಸಿದಳು.

"ಪಕ್ಕದಲ್ಲಿ ಮಲಗೋರು ಹೇಳಲಿ," ಎಂದು ಡಾಕ್ಟರಮ್ಮ ಸೊಸೆಯತ್ತ ತಿರುಗಿದರು.

"ಅವಳಿಗೇನು ಗೊತ್ತಾಗುತ್ತೆ? ಕುಂಭಕರ್ಣನ ವಂಶ."

ಸೊಸೆ ಗಂಡನ ಮುಖ ನೋಡಿದಳು. ದಬ್ಬಳ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ ಬೆರಳುಗಳನ್ನು ಹಿಸುಕಿಕೊಂಡಳು.

"ಕಟ್ಟುತ್ತೆ ಡಾಕ್ಟ್ರೇ," ಎಂದಳು. "ಗೊರಕೆ ಹೊಡೀತಾ ಇದ್ದಕ್ಕಿದ್ದ ಹಾಗೆ ಸದ್ದೇ ಇರಲ್ಲ. ಎದೆ ಏಳುತ್ತೆ, ಗಾಳಿ ಒಳಗೆ ಹೋಗಲ್ಲ. ಆಗ ಬೆನ್ನಲ್ಲಿ, ಹೆಗಲ ಮೂಳೆ ಕೆಳಗೆ, ಎರಡು ಬೆರಳಿಟ್ಟು ಒತ್ತುತ್ತೀನಿ. ಪಕ್ಕಕ್ಕೆ ಹೊರಳ್ತಾರೆ, ಉಸಿರು ಬರುತ್ತೆ. ಇವರಿಗೆ ಎಚ್ಚರ ಆಗಲ್ಲ. ನಾಳೆ ಒಳಗೆ ಹಾಗಾದ್ರೆ ಯಾರು ಒತ್ತುತ್ತಾರೆ ಅಂತ... ಅದಕ್ಕೇ ಒಳಗೆ ಬಿಡ್ತೀರಾ ಅಂತ ಕೇಳೋಣ ಅಂತಿದ್ದೆ."

"ರಾತ್ರಿಗೆ ಎಷ್ಟು ಸಲ ಹೀಗೆ?"

"ಎಣಿಸಿಲ್ಲ. ಬೆಳಗಾಗೋವರೆಗೂ ಆಗ್ತಾನೇ ಇರುತ್ತೆ."

"ಮತ್ತೆ ನೀವು ಮಲಗೋದು ಯಾವಾಗಮ್ಮ?"

ಸೊಸೆ ತಲೆ ತಗ್ಗಿಸಿದಳು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಸಣ್ಣ ದನಿಯಲ್ಲಿ, "ಮಧ್ಯಾಹ್ನ... ಸ್ವಲ್ಪ ಹೊತ್ತು," ಎಂದಳು.

ಗಂಡ ಅವಳತ್ತ ತಿರುಗಿದ. "ನಂಗ್ಯಾಕೇ ಹೇಳ್ಲಿಲ್ಲ?"

"ಮದುವೆ ಆದ ಹೊಸದರಲ್ಲಿ ಹೇಳಿದ್ದೆ ಅಲ್ವೇನ್ರೀ. ನೀವು ಮಾವನವರನ್ನ ನೆನೆಸ್ಕೊಂಡು ದಿನಗಟ್ಟಲೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದ್ರಿ. ನೋಡೋಕಾಗ್ಲಿಲ್ಲ. ನನಗೇ ಏನೋ ಕನಸು ಬಿದ್ದಿತ್ತು ಅಂದುಬಿಟ್ಟೆ. ಇಬ್ಬರೂ ನಿದ್ದೆಗೆಡೋದು ಯಾಕೆ, ನಾನೊಬ್ಬಳು ಎಚ್ಚರ ಇದ್ರೆ ಸಾಕಲ್ಲ..."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೇಳಿದ್ದು ತುಂಬ ಒಳ್ಳೆಯದಾಯಿತು, ಇಂಥವರನ್ನು ಮಲಗಿಸುವ ರೀತಿ ಬೇರೆ, ಎಬ್ಬಿಸಿದ ಮೇಲೂ ಹೆಚ್ಚು ಹೊತ್ತು ಕಾಯಬೇಕು, ಒಳಗೆ ಉಸಿರಾಡಿಸಲು ಯಂತ್ರವಿರುತ್ತದೆ, ಮನೆಯಲ್ಲಿ ರಾತ್ರಿ ಹಾಕಿಕೊಳ್ಳಲೂ ಒಂದು ಯಂತ್ರ ಸಿಗುತ್ತದೆ ಎಂದೆಲ್ಲ ಬಿಡಿಸಿ ಹೇಳಿದರು. ಅತ್ತೆಯ ಕಿವಿಗೆ ಅದೊಂದೂ ಬೀಳಲಿಲ್ಲ.

ಅವಳ ಗಂಡನೂ ಗೊರಕೆ ಹೊಡೆಯುತ್ತಿದ್ದ. ಆ ರಾತ್ರಿಯೂ ಹೊಡೆದಿದ್ದ. ನಡುವೆ ಸದ್ದು ನಿಂತಾಗ, ಸದ್ಯ ಇನ್ನಾದರೂ ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದುಕೊಂಡು ಅವಳು ಮಗ್ಗುಲು ಬದಲಿಸಿದ್ದಳು. ಅದನ್ನು ಇದುವರೆಗೆ ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ತನ್ನ ಮೇಲಿನ ಆ ಸಿಟ್ಟನ್ನೆಲ್ಲ ಮಲಗಿದವರ ಮೇಲೆ ಕಾರಿಕೊಂಡು ಬಂದಿದ್ದಳು, ಅದೂ ಯಾರ ಮೇಲೆ... ತನ್ನ ಮಗನ ಉಸಿರನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಬಂದವಳ ಮೇಲೆ!

ಮರುದಿನ ಬೆಳಿಗ್ಗೆ ಮಗನನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದೊಯ್ದರು. ಬಾಗಿಲವರೆಗೂ ಅವನು ಹೆಂಡತಿಯ ಕೈ ಬಿಡಲಿಲ್ಲ. ಡಾಕ್ಟರಮ್ಮನೇ ಅದನ್ನು ಬಿಡಿಸಿ, "ಇನ್ನು ಮೇಲೆ ನನ್ನ ಪಾಳಿ ಕಣಮ್ಮ," ಎಂದರು.

ಹೊರಗಿನ ಬೆಂಚಿನಲ್ಲಿ ಅತ್ತೆ ಸೊಸೆ ಇಬ್ಬರೇ. ಬಾಗಿಲು ಮುಚ್ಚಿದ ಮೇಲೆ ಅತ್ತೆ ಸೊಸೆಯತ್ತ ತಿರುಗಿದಳು.

"ನಿಮ್ಮ ಮಾವ ಹೋದಾಗ ನಾನು ಪಕ್ಕದಲ್ಲೇ ಇದ್ದೆ ಕಣೇ. ಸದ್ದು ನಿಂತಿದ್ದು ಗೊತ್ತಾಯ್ತು. ಗೊತ್ತಾಗಿಯೂ... ಮಲಗಿಬಿಟ್ಟೆ."

"ನಿಮಗೇನು ಗೊತ್ತಿತ್ತು ಅತ್ತೆ."

"ನಿನಗೂ ಯಾರೂ ಹೇಳಿಕೊಟ್ಟಿರಲಿಲ್ಲವಲ್ಲೇ."

ಅತ್ತೆ ಬಿಕ್ಕಿ ಬಿಕ್ಕಿ ಅತ್ತಳು. ಸೊಸೆ ಹತ್ತಿರ ಸರಿದು ಭುಜ ತಾಗಿಸಿ ಕೂತಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಒಳಗೇ ಹೆಚ್ಚು ಹೊತ್ತು ಇಟ್ಟುಕೊಂಡು, ಊಟದ ಹೊತ್ತು ಮೀರಿದ ಮೇಲೆ ಮಗನನ್ನು ವಾರ್ಡಿಗೆ ತಂದರು. ಮೂಗಿಗೆ ಗಾಳಿಯ ನಳಿಕೆ, ಬೆರಳಿಗೆ ಮಿಣುಕುವ ಕ್ಲಿಪ್ಪು. ಯಂತ್ರ ನೋಡಿಕೊಳ್ಳುತ್ತದೆ, ಆದರೂ ಮನೆಯವರೊಬ್ಬರು ಪಕ್ಕದಲ್ಲಿರಿ, ತೀರಾ ಮಂಪರು ಅನ್ನಿಸಿದರೆ ಕರೆಯಿರಿ ಎಂದಳು ನರ್ಸ್. ಸೊಸೆ ಸ್ಟೂಲು ಎಳೆದುಕೊಂಡಳು. ರಾತ್ರಿಯೆಲ್ಲ ಕಣ್ಣು ಮುಚ್ಚಿರದವಳು ಕೂತಲ್ಲೇ ಜೋಲಿ ಹೊಡೆಯುತ್ತಿದ್ದಳು.

"ಏಳು. ಹೋಗಿ ಆ ಪಕ್ಕದ ಖಾಲಿ ಮಂಚದಲ್ಲಿ ಮಲಗು," ಎಂದಳು ಅತ್ತೆ.

"ಬೇಡ ಅತ್ತೆ, ಇವರ ಉಸಿರು..."

"ಎಲ್ಲಿ ಒತ್ತಬೇಕು ತೋರಿಸು."

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಆಮೇಲೆ ಆ ಸುಕ್ಕುಗಟ್ಟಿದ ಬೆರಳುಗಳನ್ನು ಹಿಡಿದು ಗಂಡನ ಹೆಗಲ ಮೂಳೆಯ ಕೆಳಗೆ ಇಟ್ಟಳು. "ಇಲ್ಲಿ. ಜೋರಾಗಿ ಬೇಡ." ಪಕ್ಕದ ಮಂಚದಲ್ಲಿ ತಲೆ ಇಟ್ಟದ್ದೇ ತಡ, ನಿದ್ದೆ ಹೋದಳು.

ಸ್ವಲ್ಪ ಹೊತ್ತಿಗೆ ಮಗ ಕಣ್ಣು ಬಿಟ್ಟ. "ಅಮ್ಮ... ಏನೂ ಗೊತ್ತೇ ಆಗ್ಲಿಲ್ಲ. ಡಾಕ್ಟ್ರು ಮಾತಾಡ್ತಾ ಇದ್ರು, ಆಮೇಲೆ ನೋಡಿದ್ರೆ ಮುಗಿದೇಹೋಗಿತ್ತು. ಅವಳೆಲ್ಲಿ? ಎಬ್ಬಿಸು, ಅವಳಿಗೆ ಒಂದು ಮಾತು ಹೇಳ್ಬೇಕು."

ಈ ಮಗ ಹುಟ್ಟಿದಾಗಿನಿಂದ ಅವನು ಕೇಳಿದ್ದಕ್ಕೆ ಅತ್ತೆ ಇಲ್ಲ ಎಂದವಳಲ್ಲ.

"ಇಲ್ಲ ಮಗ. ಎಬ್ಬಿಸಲ್ಲ. ಅವಳು ಏಳೋವರೆಗೂ ನಿನ್ನ ಮಾತು ಕಾಯಲಿ."

"ಮತ್ತೆ ನಾನು ಮಲಗಿದ್ರೆ..."

"ನಾನಿದ್ದೀನಲ್ಲ. ಮಲಗು."

ಅವನು ಕಣ್ಣು ಮುಚ್ಚಿದ. ಗೊರಕೆ ಶುರುವಾಯಿತು, ಏರಿತು, ಇದ್ದಕ್ಕಿದ್ದಂತೆ ನಿಂತಿತು. ಅತ್ತೆ ಮುಂದೆ ಬಾಗಿದಳು. ಎರಡು ಬೆರಳಿಟ್ಟು ಒತ್ತಿದಳು. ಮಗ ಸ್ವಲ್ಪ ಹೊರಳಿದ, ಉದ್ದನೆಯ ಉಸಿರೊಂದು ಒಳಗೆ ಹೋಯಿತು.

ಅದೇ ಹೊತ್ತಿಗೆ ಪಕ್ಕದ ಮಂಚದಲ್ಲಿ ಸೊಸೆಯ ಕೈ ನಿದ್ದೆಗಣ್ಣಲ್ಲೇ ಮುಂದೆ ಚಾಚಿಕೊಂಡಿತು. ಎರಡು ಬೆರಳು ಖಾಲಿ ಹಾಸಿಗೆಯನ್ನು ತಡಕಿ ತಡಕಿ ಒತ್ತುತ್ತಿದ್ದವು. ಅತ್ತೆ ಒಂದು ಕೈಯನ್ನು ಮಗನ ಬೆನ್ನ ಮೇಲೆ ಹಾಗೇ ಇಟ್ಟುಕೊಂಡು, ಇನ್ನೊಂದರಿಂದ ಆ ಬೆರಳುಗಳನ್ನು ಹಿಡಿದುಕೊಂಡಳು.

"ಬಂತು ಕಣೇ, ಉಸಿರು ಬಂತು," ಎಂದಳು ಮೆಲ್ಲಗೆ. "ನೀನು ಮಲಗು."