ಐದು ನಿಮಿಷದ ಸುಳ್ಳು

"ಪೆನ್ಸಿಲ್ ಕೆಳಗಿಡಿ! ಸಮಯ ಮುಗಿಯಿತು!"

ಹದಿನೆಂಟು ಪೆನ್ಸಿಲ್‌ಗಳು ಮೇಜಿನ ಮೇಲೆ ಬಿದ್ದ ಸದ್ದು ಕೇಳಿತು. ಹತ್ತೊಂಬತ್ತನೆಯದು ಮಾತ್ರ ಇನ್ನೂ ಓಡುತ್ತಲೇ ಇತ್ತು...

"ನಿಮಗೇ ಹೇಳಿದ್ದು. ಬಿಡಿ."

"ಒಂದೇ ಒಂದು ಲೆಕ್ಕ ಸರ್! ಮಾಡಿ ಆಗಿದೆ. ಸರಿ ಉಂಟಾ ಅಂತ ನೋಡಿ ಕೊಡ್ತೇನೆ..."

ರಾಮದಾಸ ಕಾಗದದ ಒಂದು ತುದಿ ಹಿಡಿದಿದ್ದ. ಸ್ವರ್ಣಲತಾ ಇನ್ನೊಂದು ತುದಿ ಬಿಡಲಿಲ್ಲ. ಅವನು ಎಳೆದ, ಅವಳೂ ಎಳೆದಳು.

ಪರ್ರ್...

ಮೂವತ್ತೆರಡನೆಯ ಪ್ರಶ್ನೆಯ ನಡುವಿನಿಂದಲೇ ಕಾಗದ ಎರಡು ತುಂಡಾಯಿತು! ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಳ ಕಿವಿ ಬಿಸಿಯಾಯಿತು. ತಲೆ ಎತ್ತಿದರೆ ಎದುರಿಗೆ ದಪ್ಪ ಕನ್ನಡಕದ ಹಿಂದೆ ಎರಡು ಕಣ್ಣು... ಅವುಗಳಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಗಾಬರಿ. ಅದೇಕೆಂದು ಅವಳಿಗೆ ಅರ್ಥವಾಗಲಿಲ್ಲ.

ಅದು ೧೯೮೩ರ ನವೆಂಬರ್. ಉಡುಪಿಯ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಭಾನುವಾರ ಭಾನುವಾರ ಬ್ಯಾಂಕ್ ಪರೀಕ್ಷೆಗೆ ಅಭ್ಯಾಸ ನಡೆಯುತ್ತಿತ್ತು. ಅರವತ್ತು ಪ್ರಶ್ನೆ, ಮೂವತ್ತೈದು ನಿಮಿಷ. ಮುಂದಿನ ಸಂಖ್ಯೆ ಯಾವುದು, ಗುಂಪಿಗೆ ಸೇರದ ಚಿತ್ರ ಯಾವುದು, ಗೋಪಾಲ ಉತ್ತರಕ್ಕೆ ನಡೆದು ಎಡಕ್ಕೆ ತಿರುಗಿದರೆ ಅವನ ಮುಖ ಎತ್ತ... ಇಂಥವೇ. ಒಂದೊಂದಕ್ಕೂ ಅರ್ಧ ನಿಮಿಷದ ಮೇಲೆ ಐದು ಸೆಕೆಂಡ್. ಕಲಿಸುವವನು ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದ ಮಟ್ಟುವಿನ ರಾಮದಾಸ.

ಎಲ್ಲರೂ ಹೋದ ಮೇಲೆ ಅವನು ಹರಿದ ತುಂಡುಗಳನ್ನು ಜೋಡಿಸಿ ಉತ್ತರ ತಿದ್ದಿದ. ಮತ್ತೊಮ್ಮೆ ತಿದ್ದಿದ.

"ಮೂವತ್ತೊಂದು ಬರೆದಿದ್ದೀರಿ. ಮೂವತ್ತೊಂದೂ ಸರಿ."

ಅವಳ ಮುಖ ಅರಳಿತು.

"ಆದರೆ ಫೇಲ್."

"ಎಂತ?"

"ನಲವತ್ತೈದಾದರೂ ಸರಿ ಬರಬೇಕು. ಒಂದೊಂದನ್ನು ಎರಡೆರಡು ಸಲ ಮಾಡ್ತೀರಿ, ಅಲ್ವಾ?"

"ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಸರ್. ಟೈಟ್ರೇಶನ್‌ನಲ್ಲಿ ಎರಡು ರೀಡಿಂಗ್ ಒಂದೇ ಬರುವವರೆಗೆ ಬಿಡಬಾರದು ಅಂತ ಕಲಿಸಿದ್ದಾರೆ. ಒಂದೇ ರೀಡಿಂಗ್ ನಂಬುವುದು ಹೇಗೆ?"

ಅವನು ಹರಿದ ತುಂಡುಗಳನ್ನು ಜೋಪಾನವಾಗಿ ಮಡಚಿಟ್ಟ.

"ಇದು ನಿಮ್ಮ ಎಷ್ಟನೇ ಪರೀಕ್ಷೆ?"

"ಎರಡನೆಯದು. ಕೊನೆಯದ್ದು ಕೂಡ. ಮಾರ್ಚ್‌ನಲ್ಲಿ ಇಪ್ಪತ್ತಾರು ತುಂಬ್ತದೆ. ಮತ್ತೆ ಅರ್ಜಿ ಹಾಕುವ ಹಾಗಿಲ್ಲ."

ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಅವಳ ಅಮ್ಮ ಪುಷ್ಪಾವತಿ ದಿನಾ ಬೆಳಗ್ಗೆ ಕಾಪುವಿನಿಂದ ಮಲ್ಪೆಗೆ ಹೋಗಿ ಮೀನು ತಂದು, ಬುಟ್ಟಿ ಹೊತ್ತು ಕಟಪಾಡಿ, ಮಟ್ಟು ಎಂದು ಮನೆಮನೆ ಸುತ್ತುತ್ತಿದ್ದರು. ಅಪ್ಪ ದೇಜಪ್ಪ ತೀರಿಕೊಂಡ ಮೇಲೆ ಆರು ವರ್ಷಗಳಿಂದ ಹೀಗೆಯೇ. ಈಗ ಅಮ್ಮನ ಬಲ ಮೊಣಕಾಲು ಊದಿಕೊಂಡಿತ್ತು. ಕೂತರೆ ಏಳಲು ಗೋಡೆ ಬೇಕಿತ್ತು.

'ಈ ಕೆಲಸ ಸಿಕ್ಕಿದರೆ ಅಮ್ಮ ಬುಟ್ಟಿ ಇಳಿಸಬಹುದು. ಸಿಗದಿದ್ದರೆ...'

ಅದರ ಮುಂದೆ ಯೋಚಿಸಲು ಅವಳಿಗೆ ಧೈರ್ಯವಿರಲಿಲ್ಲ.

ಮುಂದಿನ ಭಾನುವಾರ ಕಾಪುವಿನ ಬಸ್ಸು ತಡವಾಯಿತು. ಅವಳು ಏದುಸಿರು ಬಿಡುತ್ತ ಬರುವಾಗ ಪರೀಕ್ಷೆ ಅರ್ಧ ಮುಗಿದಿತ್ತು.

"ಪರವಾಗಿಲ್ಲ. ಒಳಗಿನ ಕೋಣೆಯಲ್ಲಿ ಕೂತ್ಕೊಳ್ಳಿ. ನಿಮಗೆ ಬೇರೆಯೇ ಸಮಯ ನೋಡ್ತೇನೆ," ಎಂದ ರಾಮದಾಸ.

ಅಂದಿನಿಂದ ಅದೇ ರೂಢಿಯಾಯಿತು. ಆ ಕೋಣೆಯಲ್ಲಿ ಗಡಿಯಾರವಿರಲಿಲ್ಲ, ಅವಳ ಕೈಯಲ್ಲೂ ಇರಲಿಲ್ಲ. "ಶುರು" ಎಂದರೆ ಶುರು, "ಬಿಡಿ" ಎಂದರೆ ಬಿಡಬೇಕು. ಮೂವತ್ತೊಂದು ಮೂವತ್ತಾರಾಯಿತು. ಮೂವತ್ತಾರು ನಲವತ್ತಾಯಿತು.

ನಲವತ್ತಾದ ದಿನ ಅವನು ಕೆಳಗಿನ ಹೋಟೆಲಿನಿಂದ ಬಿಸಿಬಿಸಿ ಗೋಳಿಬಜೆ ತರಿಸಿದ.

"ತಿನ್ನಿ. ಇದನ್ನಾದರೂ ಎರಡೆರಡು ಸಲ ಪರೀಕ್ಷೆ ಮಾಡಬಹುದು."

"ಒಂದು ಸಲಕ್ಕೇ ಗೊತ್ತಾಯಿತು ಸರ್. ಉಪ್ಪು ಕಡಿಮೆ!"

ಅವನು ಮನಸಾರೆ ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆ ಎಂದು ಅವಳಿಗೆ ಗೊತ್ತಾದದ್ದು ಆ ದಿನವೇ. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಸಂಖ್ಯೆಗಳ ಸಾಲು ನೆನೆಯುತ್ತಿದ್ದವಳಿಗೆ ನಡುನಡುವೆ ಆ ಗುಳಿಯೇ ಅಡ್ಡ ಬರುತ್ತಿತ್ತು.

'ಛೇ! ಎಂತ ಮರುಳು ನನಗೆ?'

ಡಿಸೆಂಬರ್ ಕೊನೆಗೆ ಅವನು ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ಕೊಟ್ಟ. ಒಳಗೆ ಅವರ ಗದ್ದೆಯ ಹೊಸ ಗುಳ್ಳ, ಹಸಿರು ಮೈಯ ದುಂಡು ಬದನೆ ನಾಲ್ಕು.

"ಅಮ್ಮನಿಗೆ ಕೊಡಿ," ಎಂದ, ಕನ್ನಡಕ ಒರೆಸುತ್ತ.

ಪುಷ್ಪಾವತಿ ಗುಳ್ಳವನ್ನೂ ನೋಡಿದರು, ಮಗಳ ಮುಖವನ್ನೂ ನೋಡಿದರು. "ಪಾಠ ಹೇಳುವ ಮಾಸ್ಟ್ರು ತರಕಾರಿಯನ್ನೂ ಕೊಡ್ತಾರಾ? ನಮ್ಮ ಕಾಲದಲ್ಲಿ ಪೆಟ್ಟು ಮಾತ್ರ ಕೊಡ್ತಿದ್ದರು!"

"ಹೋಗಮ್ಮ..."

ಪರೀಕ್ಷೆಗೆ ಇನ್ನು ಮೂರೇ ವಾರ. ಆ ಭಾನುವಾರ ಕಾರ್ಕಳದ ಆಂಜೆಲಾಳ ಬಸ್ಸೂ ತಡವಾಯಿತು. ಅಭ್ಯಾಸಕ್ಕೆ ಬರುವ ಗೆಳತಿ ಅವಳು, ಬಾಯಿ ಸುಮ್ಮನಿರದವಳು. ಇಬ್ಬರೂ ಒಳಕೋಣೆಯಲ್ಲಿ ಕೂತರು. ಆಂಜೆಲಾಳ ಕೈಯಲ್ಲಿ ಅಣ್ಣ ಬಹರೈನಿನಿಂದ ಕಳಿಸಿದ ಹೊಸ ಗಡಿಯಾರ ಫಳಫಳ ಹೊಳೆಯುತ್ತಿತ್ತು.

"ಬಿಡಿ!" ಎಂದು ರಾಮದಾಸ ಸ್ವರ್ಣಲತಾಳ ಕಾಗದ ತೆಗೆದುಕೊಂಡ. ಆಂಜೆಲಾಳ ಕಡೆ ತಿರುಗಿ, "ನೀವು ಬರೀರಿ," ಎಂದು ಹೊರಗೆ ಹೋದ.

"ಇದೆಂತ ಮಾರಾಯ್ತಿ?" ಆಂಜೆಲಾ ಗಡಿಯಾರ ನೋಡಿದಳು. "ಮೂವತ್ತೇ ನಿಮಿಷ ಆದದ್ದು! ನಿನ್ನದನ್ನು ಯಾಕೆ ಕಿತ್ಕೊಂಡ್ರು?"

"ಮೂವತ್ತೈದು ಆಗಿರಬೇಕು."

"ನನ್ನ ಗಡಿಯಾರ ಹೊಸತು! ನೋಡು, ನೀನೇ ನೋಡು!"

ಸ್ವರ್ಣಲತಾ ನೋಡಿದಳು. ಮುಳ್ಳು ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಸುಳ್ಳು ಹೇಳಿದ್ದು...?

ಹಿಂದಿನ ಬೆಂಚಿನ ಆ ಕಿಸಕ್ಕೆಂಬ ನಗು ಮತ್ತೆ ಕೇಳಿದಂತಾಯಿತು. ಅವಳು ಸೀದಾ ಹೊರಗೆ ಹೋದಳು.

"ನನಗೆ ಪ್ರತಿ ಸಲ ಎಷ್ಟು ನಿಮಿಷ ಕೊಡ್ತಿದ್ರಿ ಸರ್?"

ಅವನ ಮುಖ ಬಿಳುಪೇರಿತು.

"...ಮೂವತ್ತು."

"ಉಳಿದವರಿಗೆ?"

"ಮೂವತ್ತೈದು. ಸ್ವರ್ಣಲತಾ, ನಾನು ಹೇಳುವುದನ್ನು..."

"ಮೀನು ಮಾರುವವಳ ಮಗಳು ಎಷ್ಟು ಓಡ್ತಾಳೆ ಅಂತ ನೋಡಿದ್ದಾ? ಅವಳಿಗೆ ಐದು ನಿಮಿಷ ಕಡಿಮೆ ಸಾಕು ಅಂತ ಯಾವ ಪುಸ್ತಕದಲ್ಲಿ ಉಂಟು? ಎಂಟು ವಾರ ನಿಮ್ಮನ್ನು ನಂಬಿದೆನಲ್ಲ ನಾನು!"

ಅವಳು ಮೆಟ್ಟಿಲಿಳಿದು ಹೋದಳು. ಬಸ್ ನಿಲ್ದಾಣ ಬರುವವರೆಗೆ ಕಣ್ಣೊರೆಸಿಕೊಳ್ಳಲೂ ಇಲ್ಲ.

ಮರುವಾರ ಅವಳು ಉಡುಪಿಗೆ ಹೋಗಲಿಲ್ಲ. ಪಕ್ಕದ ಮನೆಯ ಗಡಿಯಾರವನ್ನು ಎರವಲು ತಂದು, ಮನೆಯಲ್ಲೇ ಪೂರ್ತಿ ಮೂವತ್ತೈದು ನಿಮಿಷ ಬರೆದಳು. ಐದು ನಿಮಿಷ ಹೆಚ್ಚು ಸಿಕ್ಕಿತೆಂದು ಮನಸ್ಸು ಸಡಿಲವಾಯಿತು. ಒಂದನ್ನು ಎರಡು ಸಲ ನೋಡಿದಳು, ಇನ್ನೊಂದನ್ನು ಮೂರು ಸಲ...

ಮೂವತ್ತೆಂಟು.

ಹಿಂದಕ್ಕೆ ಬಂದಿದ್ದಳು! ಕಾಗದ ಮುದ್ದೆ ಮಾಡಿ ಎಸೆದು, ಮಂಡಿಯಲ್ಲಿ ಮುಖ ಹುದುಗಿಸಿದಳು.

ಮರುದಿನ ಅಮ್ಮನ ಕಾಲು ತೀರಾ ಊದಿತ್ತು. ಸ್ವರ್ಣಲತಾಳೂ ಮೊದಲ ಬಸ್ಸಿಗೆ ಮಲ್ಪೆಗೆ ಹೊರಟಳು. ಬಂದರಿನಲ್ಲಿ ಬೆಳಕು ಹರಿಯುತ್ತಿತ್ತು. ಬೋಟಿನಿಂದ ಇಳಿದ ಮೀನನ್ನು ರಾಶಿ ಹಾಕಿದಂತೆಯೇ ಹರಾಜು ಕೂಗುತ್ತಿದ್ದರು. ತೂಕವಿಲ್ಲ, ತಕ್ಕಡಿಯಿಲ್ಲ, ಎಲ್ಲವೂ ಕಣ್ಣಳತೆ.

"ಈ ಬಂಗುಡೆ ರಾಶಿ ನೀನೇ ಹಿಡಿ ಮಗಾ," ಎಂದು ಅಮ್ಮ ಐಸ್ ಪೆಟ್ಟಿಗೆಯ ಮೇಲೆ ಕೂತರು.

ಸ್ವರ್ಣಲತಾ ಬಗ್ಗಿ ನೋಡಿದಳು. ಮೇಲಿನದ್ದು ದೊಡ್ಡದು, ಅಡಿಯಲ್ಲಿ ಸಣ್ಣದಿರಬಹುದೇ? ಹತ್ತು, ಇಪ್ಪತ್ತು, ಮೂವತ್ತು... ಎಣಿಸಿ ತಲೆ ಎತ್ತುವಷ್ಟರಲ್ಲಿ ರಾಶಿ ಇನ್ನೊಬ್ಬಳ ಬುಟ್ಟಿ ಸೇರಿತ್ತು!

ಸುತ್ತಲಿನ ಹೆಂಗಸರು ಗೊಳ್ಳೆಂದು ನಕ್ಕರು. "ಪುಷ್ಪಕ್ಕ, ನಿನ್ನ ಮಗಳು ಮೀನಿನ ಜಾತಕ ಬರೀತಾಳಾ?"

"ಅಮ್ಮ, ಅದು... ಹೋಯಿತು..."

"ಹೋದದ್ದು ಹೋಯಿತು, ಅದರ ಬಾಲ ಹಿಡಿದು ಅಳಬೇಡ. ಒಂದು ಸಲ ನೋಡು, ಕೂಗು. ಕಣ್ಣಿಗೆ ಗೊತ್ತಾಗದಿದ್ದರೆ ಬಿಡು. ಆ ರಾಶಿಯ ಹಿಂದೆ ಇನ್ನೊಂದು ಉಂಟಲ್ಲ!"

ಎರಡನೆಯ ರಾಶಿಯನ್ನು ಅವಳು ಬಿಟ್ಟಳು. ಮೂರನೆಯದನ್ನು ಕಣ್ಣಲ್ಲೇ ಹಿಡಿದು ಕೂಗಿದಳು. ಬುಟ್ಟಿಗೆ ಸುರಿದಾಗ ಅಮ್ಮ ತಲೆಯಾಡಿಸಿದರು. ಸರಿಯಿತ್ತು.

ಸ್ವರ್ಣಲತಾ ತುಂಬಿದ ಬುಟ್ಟಿಯನ್ನು ನೋಡಿದಳು. ಇದನ್ನೇ ಅಲ್ಲವೇ ರಾಮದಾಸ ಎಂಟು ವಾರ ತನ್ನ ಕೈಯಿಂದ ಕಾಗದ ಕಿತ್ತು ಕಲಿಸುತ್ತಿದ್ದದ್ದು?

ಹಿಂದಿರುಗುವ ಬಸ್ಸಿನಲ್ಲಿ ಅಮ್ಮ ಮೆಲ್ಲಗೆ ಕೇಳಿದರು. "ಮಟ್ಟುವಿನ ಮಾಸ್ಟ್ರ ಹತ್ತಿರ ಜಗಳ ಮಾಡಿದ್ದೀಯಾ?"

"ನಿನಗೆ ಯಾರು ಹೇಳಿದ್ದು?"

"ಅವರ ಮನೆಗೆ ವಾರಕ್ಕೆರಡು ಸಲ ಮೀನು ಕೊಡುವವಳು ನಾನು. ಮಗ ಸರಿ ಊಟ ಮಾಡುವುದಿಲ್ಲ ಅಂತ ಅವರಮ್ಮನಿಗೆ ಚಿಂತೆ." ಅಮ್ಮ ಮೊಣಕಾಲು ನೀವಿಕೊಂಡರು. "ಪಾಪ, ಅವರೂ ಇದೇ ಪರೀಕ್ಷೆ ಬರೆದವರಂತೆ. ಮೂರು ಸಲ. ಬರೆದದ್ದೆಲ್ಲ ಸರಿ, ಆದರೆ ಮುಗಿಸಲಿಕ್ಕೇ ಆಗಲಿಲ್ಲವಂತೆ. ಈಗ ವಯಸ್ಸು ದಾಟಿತು."

ಮೊದಲ ದಿನ ಆ ಕಣ್ಣುಗಳಲ್ಲಿ ಕಂಡ ಗಾಬರಿಯ ಅರ್ಥ ಈಗ ಹೊಳೆಯಿತು. ಅವನು ಅವಳ ಕಾಗದದಲ್ಲಿ ತನ್ನ ಸೋಲನ್ನೇ ನೋಡಿದ್ದ.

ಪರೀಕ್ಷೆಗೆ ಮುಂಚಿನ ಕೊನೆಯ ಭಾನುವಾರ ಅವಳು ಮಾಳಿಗೆಯ ಮೆಟ್ಟಿಲು ಹತ್ತಿದಳು. ಎಲ್ಲರೂ ಹೋಗಿದ್ದರು. ರಾಮದಾಸ ಬೆಂಚು ಜೋಡಿಸುತ್ತಿದ್ದ.

"ನೀವು ಸುಳ್ಳು ಹೇಳಬಾರದಿತ್ತು."

ಅವನು ತಿರುಗಿದ. "ಬಾರದಿತ್ತು. ತಪ್ಪು ನನ್ನದೇ. ನಿಮಗೆ ಪರೀಕ್ಷೆಯ ದಿನ ಐದು ನಿಮಿಷ ಉಳಿಯಲಿ ಅಂತ ಆಸೆಪಟ್ಟೆ. ಹೇಳಿದರೆ ಹೆದರುತ್ತೀರಿ ಎಂದುಕೊಂಡೆ..."

"ಹೆದರುವವಳ ಹಾಗೆ ಕಾಣ್ತೇನಾ ನಾನು? ಹೇಳಿದ್ದರೆ ಇನ್ನೂ ಕಡಿಮೆ ಕೊಡಿ ಅಂತ ನಾನೇ ಕೇಳ್ತಿದ್ದೆ!" ಅವಳು ಹತ್ತಿರ ಬಂದಳು. "ನನ್ನ ಒಳ್ಳೆಯದನ್ನು ನನಗೆ ಗೊತ್ತಿಲ್ಲದ ಹಾಗೆ ಮಾಡಬೇಡಿ. ಕೇಳಿ ಮಾಡಿ."

ಅವನು ಮೇಜಿನಿಂದ ಒಂದು ಪ್ರಶ್ನೆಪತ್ರಿಕೆ ತೆಗೆದ.

"ಸರಿ. ಕೇಳ್ತೇನೆ. ಈಗ ಇಪ್ಪತ್ತೆಂಟು ನಿಮಿಷದಲ್ಲಿ ಒಂದು ಪತ್ರಿಕೆ ಬರೀತೀರಾ?"

"ಕೊಡಿ."

ಐವತ್ತೆರಡು ಬರೆದಳು. ನಲವತ್ತೊಂಬತ್ತು ಸರಿ, ಮೂರು ತಪ್ಪು. ಜೀವನದಲ್ಲಿ ಮೊದಲ ಬಾರಿಗೆ ಅವಳು ತನ್ನ ತಪ್ಪುಗಳನ್ನು ನೋಡಿ ನಕ್ಕಳು!

ಮಣಿಪಾಲದ ಶಾಲೆಯೊಂದರಲ್ಲಿ ಪರೀಕ್ಷೆ. ಏಳನೆಯ ಪ್ರಶ್ನೆಯಲ್ಲೇ ಪೆನ್ಸಿಲ್ ನಿಂತಿತು. ಹಳೆಯ ಸ್ವರ್ಣಲತಾ ಅಲ್ಲೇ ಕೂತುಬಿಡುತ್ತಿದ್ದಳು. ಈ ಸ್ವರ್ಣಲತಾ ಅದನ್ನು ಒಮ್ಮೆ ನೋಡಿದಳು, ಬಿಟ್ಟಳು, ಎಂಟಕ್ಕೆ ಹೋದಳು. ಹನ್ನೆರಡು ಹೋಯಿತು, ಇಪ್ಪತ್ತಮೂರು ಹೋಯಿತು... ಹೋದವು ಹೋಗಲಿ. ಮೇಲ್ವಿಚಾರಕರು "ಇನ್ನು ಐದು ನಿಮಿಷ" ಎಂದಾಗ ಅವಳು ಅರವತ್ತನ್ನು ಮುಟ್ಟಿ ಏಳಕ್ಕೆ ಮರಳಿದ್ದಳು.

ಮಾರ್ಚ್‌ನಲ್ಲಿ ಸಂದರ್ಶನ. ಏಪ್ರಿಲ್ ಕೊನೆಗೆ ಅಂಚೆಯಣ್ಣ ಉದ್ದದ ಲಕೋಟೆ ತಂದ.

ಅಷ್ಟೂ ದಿನ ರಾಮದಾಸ ಒಂದು ಸಲವೂ ಬರಲಿಲ್ಲ. 'ಕೆಲಸ ಸಿಗುವ ಹುಡುಗಿ. ನಾನು ಮೂರು ಸಲ ಸೋತವನು. ಯಾವ ಮುಖ ಇಟ್ಟುಕೊಂಡು ಕೇಳಲಿ?' ಇದು ಅವನ ಲೆಕ್ಕ. ಅವಳಿಗೆ ಆ ಲೆಕ್ಕ ಗೊತ್ತಿರಲಿಲ್ಲ, ಆದರೆ ಊಹಿಸುವುದು ಕಷ್ಟವಾಗಲಿಲ್ಲ.

ಮಟ್ಟುವಿನ ಗದ್ದೆಯಲ್ಲಿ ಅವನು ಮುಂಡು ಎತ್ತಿಕಟ್ಟಿ ಕೊನೆಯ ಗುಳ್ಳ ಕೊಯ್ಯುತ್ತಿದ್ದ. ಗದ್ದೆಯ ಬದುವಿನ ಮೇಲೆ ಸ್ವರ್ಣಲತಾಳ ನೀಲಿ ಸೀರೆ ಕಂಡು ಕೈ ತಪ್ಪಿ, ತೊಟ್ಟಿನ ಮುಳ್ಳು ಬೆರಳಿಗೆ ಚುಚ್ಚಿತು.

"ಸಿಕ್ಕಿತು," ಎಂದಳು ಅವಳು. "ಕಾರ್ಕಳದ ಶಾಖೆ."

ಅವನ ಮುಖದಲ್ಲಿ ಮೂಡಿದ ಸಂತೋಷಕ್ಕೆ ಒಂದಿಷ್ಟೂ ಕಲಬೆರಕೆ ಇರಲಿಲ್ಲ. ಅದನ್ನು ನೋಡಿಯೇ ಅವಳ ಕಣ್ಣು ತುಂಬಿತು.

"ಕೈ ಕೊಡಿ ಇಲ್ಲಿ. ಮುಳ್ಳು ಹಾಗೇ ಉಂಟು."

ಅವಳು ಅವನ ಬೆರಳು ಹಿಡಿದು ಉಗುರಿನಿಂದ ಮುಳ್ಳು ತೆಗೆದಳು. ತೆಗೆದ ಮೇಲೂ ಬೆರಳು ಬಿಡಲಿಲ್ಲ.

"ಸ್ವರ್ಣಲತಾ... ಕೇಳಿ ಮಾಡಿ ಅಂದಿದ್ದಿರಲ್ಲ," ಎಂದ ಅವನು. "ಒಂದು ಕೇಳಬೇಕಿತ್ತು. ನಾನು ಬರೀ ಡೆಮಾನ್‌ಸ್ಟ್ರೇಟರ್, ಮೇಲೆ ನಾಲ್ಕು ಸಾಲು ಗುಳ್ಳ. ಆದರೂ... ನನ್ನನ್ನು ಮದುವೆ ಆಗ್ತೀರಾ?"

"ಇಷ್ಟು ದಿನ ಯಾಕೆ ಬರಲಿಲ್ಲ? ಅದನ್ನು ಮೊದಲು ಹೇಳಿ."

"ನಿಮಗಿಂತ ಕಡಿಮೆಯವನು ಅನ್ನಿಸಿತು."

"ನನ್ನನ್ನು ಗೆಲ್ಲಿಸಿದವರು ನನಗಿಂತ ಕಡಿಮೆ ಹೇಗೆ ಆಗ್ತಾರೆ ಮಾರಾಯ್ರೇ?"

ಅವನು ಅಳುಕುತ್ತ ಕೇಳಿದ, "ನಿಮ್ಮ ಅಮ್ಮ ಒಪ್ಪಬೇಕಲ್ಲ?"

ಸ್ವರ್ಣಲತಾ ಅವನ ಮನೆಯ ಕಡೆ ಕೈ ತೋರಿಸಿದಳು. ಇಷ್ಟು ವರ್ಷ ಅಂಗಳದಲ್ಲಿ ನಿಂತೇ ಮೀನು ಕೊಟ್ಟು ಹೋಗುತ್ತಿದ್ದ ಪುಷ್ಪಾವತಿ, ಇವತ್ತು ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. ಪಕ್ಕದಲ್ಲಿ ರಾಮದಾಸನ ಅಮ್ಮ ನೆಂಟರಿಗೆ ಕೊಡುವ ಬೆಲ್ಲ, ನೀರು ಇಟ್ಟಿದ್ದರು. ಬುಟ್ಟಿ ಎಲ್ಲೂ ಇರಲಿಲ್ಲ.

"ಅಮ್ಮ ಇವತ್ತು ವ್ಯಾಪಾರಕ್ಕೆ ಬಂದದ್ದಲ್ಲ," ಎಂದಳು ಅವಳು.

"ಮತ್ತೆ?"

"ಅಳಿಯನನ್ನು ನೋಡಲಿಕ್ಕೆ ಬಂದದ್ದು. ಹೋಗಿ ಕಾಲು ತೊಳೆದು ಬನ್ನಿ, ಮೈಯೆಲ್ಲ ಕೆಸರು ಉಂಟು."