ಉಳಿದ ಮಾತ್ರೆಗಳ ಡಬ್ಬಿ

"ಅದನ್ನ ಬಾಯಿಗೆ ಹಾಕ್ಕೋಬೇಡಿ!"

ಕ್ಯಾಂಟೀನಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಿಳಿ ಕೋಟಿನ ಯುವಕನೊಬ್ಬ ಮಾತ್ರೆ ನುಂಗಲಿದ್ದ ಹುಡುಗಿಯೊಬ್ಬಳ ಬಾಯಿಗೂ ಮಾತ್ರೆಗೂ ನಡುವೆ ಕೈ ಅಡ್ಡ ಹಿಡಿದಿದ್ದ. ವಿಶ್ವವಿದ್ಯಾಲಯದ ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿಗಿದ್ದ ವಿದ್ಯಾರ್ಥಿ.

"ಅರ್ಧ ಕತ್ತರಿಸಿದ ಮಾತ್ರೆ ಪಟ್ಟಿ, ಮೇಲೆ ಹೆಸರೂ ಇಲ್ಲ. ಡಾಕ್ಟರ್ ಕೊಟ್ಟಿದ್ದಾ?"

"ನಾನೇ ಡಾಕ್ಟರಮ್ಮ! ಹಾಸ್ಟೆಲಲ್ಲಿ ಯಾರನ್ನ ಬೇಕಾದ್ರೂ ಕೇಳಿ."

ಸುಳ್ಳೇನಲ್ಲ. ಓದುತ್ತಿದ್ದದ್ದು ಇತಿಹಾಸವಾದರೂ ಹುಡುಗಿಯರಿಗೆ ಅವಳೇ ಡಾಕ್ಟರಮ್ಮ. ಯಾರೇ ಹುಷಾರಾದರೂ ಉಳಿದ ಆಂಟಿಬಯೋಟಿಕ್ ಅವಳ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತಿತ್ತು. ನೆಗಡಿಗೆ ಎರಡು, ಗಂಟಲು ನೋವಿಗೆ ಮೂರು ಎಂದು ಹಂಚುತ್ತಿದ್ದಳು. ಮನಸ್ಸೇನೋ ಒಳ್ಳೆಯದೇ... ಬುದ್ಧಿಯನ್ನು ಮಾತ್ರ ಎಲ್ಲೋ ಅಡವಿಟ್ಟಿದ್ದಳು!

ಆ ಡಬ್ಬಿಯ ಜಗಳದಲ್ಲೇ ಇಬ್ಬರಿಗೂ ಸಲಿಗೆ ಬೆಳೆಯಿತು. ಅವನು ಬಾರದ ದಿನ ಅವಳಿಗೆ ಚಹಾ ರುಚಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ವಾರ್ಡನ್ ನೇರ ಕೋಣೆಗೆ ಬಂದು ಡಬ್ಬಿ ಎತ್ತಿಕೊಂಡು ಹೋದರು.

'ಇವನೇ ಚಾಡಿ ಹೇಳಿದ್ದು... ನಂಬಿಸಿ ಕತ್ತು ಕೊಯ್ದ!'

ಅವನ ಜೊತೆ ಮಾತು ಬಿಟ್ಟಳು.

ಅದೇ ವಾರ ಉರಿಮೂತ್ರ ಶುರುವಾಯಿತು. ಆ ವರ್ಷ ಮೂರನೆಯ ಸಲ. ಹಿಂದೆರಡು ಸಲವೂ ಡಬ್ಬಿಯಿಂದ ಮೂರು ಮಾತ್ರೆ ನುಂಗಿ, ಉರಿ ನಿಂತೊಡನೆ ಬಿಟ್ಟಿದ್ದಳು. ದಿಂಬಿನಡಿ ಬಚ್ಚಿಟ್ಟಿದ್ದ ಮಾತ್ರೆ ಈ ಸಲ ಕೆಲಸ ಮಾಡಲಿಲ್ಲ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ ಬೆನ್ನು ಸೀಳುವ ನೋವು, ಚಳಿಜ್ವರ... ತರಗತಿಯಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ಡ್ರಿಪ್ ಹನಿಯುತ್ತಲೇ ಇತ್ತು, ಜ್ವರ ಇಳಿಯಲೇ ಇಲ್ಲ.

"ಲ್ಯಾಬ್ ರಿಪೋರ್ಟ್ ಬರ್ಲಿ," ಎಂದ ಡಾಕ್ಟರ್ ಅವಳ ಕಣ್ಣು ತಪ್ಪಿಸಿದರು.

"ವಾರ್ಡನ್‌ಗೆ ಹೇಳಿದ್ದು ನಾನು ಕಣೇ," ರೂಮ್‌ಮೇಟ್ ಅತ್ತುಬಿಟ್ಟಳು. "ನೀನು ಊರಿಗೆ ಹೋಗಿದ್ದಾಗ, ನೀನು ಕೊಟ್ಟಿದ್ದ ಮಾತ್ರೆ ತಗೊಂಡು ನಂಗೆ ಮುಖ ಊದಿ ಉಸಿರು ಕಟ್ಟಿತ್ತು... ಹೆದರಿಬಿಟ್ಟೆ. ಅವನಿಗೆ ಏನೂ ಗೊತ್ತಿಲ್ಲ."

ಅಯ್ಯೋ... ಸುಮ್ಮನೆ ಅವನ ಜೊತೆ ಮಾತು ಬಿಟ್ಟೆನಲ್ಲಾ!

ಮೂರನೆಯ ದಿನ ಮಧ್ಯಾಹ್ನ ಅವನೇ ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ನಿನ್ನ ಸ್ಯಾಂಪಲ್ ನನ್ನ ಕೈಗೇ ಬಂತು. ಅದರಲ್ಲಿದ್ದ ಬ್ಯಾಕ್ಟೀರಿಯಾನ ಪ್ಲೇಟಲ್ಲಿ ಬೆಳೆಸಿ ಎಂಟು ಔಷಧ ಇಟ್ಟು ನೋಡಿದ್ವಿ. ಅರ್ಧಕ್ಕೇ ಬಿಟ್ಟ ಮಾತ್ರೆಗಳಿಗೆ ಪಳಗಿ, ಏಳರ ಪಕ್ಕದಲ್ಲೂ ಅದು ಹಾಯಾಗಿ ಬೆಳೆದಿದೆ."

"ಎಂಟನೇದು?"

"ಅದೊಂದಕ್ಕೆ ಸಾಯ್ತಿದೆ. ಈಗಷ್ಟೇ ಶುರು ಮಾಡಿದ್ದಾರೆ."

"ನಿನ್ನನ್ನ ತಪ್ಪು ತಿಳ್ಕೊಂಡೆ... ಕ್ಷಮಿಸ್ತೀಯಾ?"

"ನಂಬೋಕಾಗ್ದೆ ಆ ಪ್ಲೇಟನ್ನ ಮತ್ತೆ ಮತ್ತೆ ನೋಡ್ದೆ. ನೀನಂದ್ರೆ ನಂಗೆ ಪ್ರಾಣ ಕಣೇ. ಅದನ್ನ ಹೇಳೋಕೆ ಇಂಥಾ ದಿನಾನೇ ಬರಬೇಕಿತ್ತಾ?"

"ನಂಗೂ..." ಬಿಕ್ಕಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಇದೇ ಮತ್ತೆ ಬಂದ್ರೆ? ಆಗ ಯಾವ ಔಷಧ ಇರುತ್ತೆ?"

ಅವನು ಮಂಚದ ಅಂಚಿನಲ್ಲಿ ಕುಳಿತು ಅವಳ ಸುಡುವ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದ.

"ನಾನಿರ್ತೀನಿ," ಎಂದ.